ಊಲೈಟ್‌ನ ಪಠ್ಯಪರದೆಗಳು: ಅಡಿಕೆ ಟೆಂಡರಿಗೆ ಒಗ್ಗಿದವು, ಚೆನ್ನೆಮಣೆಗೆ ಒಗ್ಗಲಿಲ್ಲ

ಆಷಾಢದಲ್ಲಿ ಶಿರಸಿ ಸೀಮೆಯ ಅಡಿಕೆ ತೋಟದವರಿಗೆ ಇರುವ ದೊಡ್ಡ ಕೆಲಸವೆಂದರೆ ಕೊಳೆರೋಗಕ್ಕೆ ಬೋರ್ಡೋ ಹೊಡೆಸುವುದು ಮತ್ತು ಅದಕ್ಕಾಗಿ ಮಳೆ ಹೊಳವಾಗುವುದನ್ನು ಕಾಯುವುದು. ಹಾಗೆ ಕಾಯುತ್ತ ಕುಳಿತ ಮೂರು ವಾರಗಳಲ್ಲಿ, ಕರೆಂಟು ಇದ್ದಷ್ಟು ಹೊತ್ತು, ಊಲೈಟ್ ಎಂಬ ಬಾಹ್ಯಾಕಾಶ ಆಟಕ್ಕೆ ನನ್ನದೇ ಎರಡು ಕಿರುಆಟಗಳನ್ನು ಸೇರಿಸುವ ಪ್ರಯತ್ನ ಮಾಡಿದೆ. ಒಂದು ಅಡಿಕೆ ಟೆಂಡರು, ಇನ್ನೊಂದು ಚೆನ್ನೆಮಣೆ. ಆಟದ ಹಾರಾಟ, ಕಾದಾಟಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನಿಲ್ಲಿ ಪರೀಕ್ಷಿಸುತ್ತಿರುವುದು ಅದು ಮಾಡ್ ಮಾಡುವವರ, ಅಂದರೆ ಆಟಕ್ಕೆ ತಮ್ಮದೇ ಭಾಗ ಸೇರಿಸುವವರ, ಕೈಗೆ ಕೊಡುವ ಪಠ್ಯಪರದೆಯನ್ನು. ಹಡಗು ನಿಲ್ದಾಣದಲ್ಲಿ ನಿಂತಿರುವಾಗ ನಾಲ್ಕು ಮಾತು ತೋರಿಸಿ, ಕೆಳಗೆ ಆಯ್ಕೆಗಳನ್ನು ಇಟ್ಟು, ಆಟಗಾರನಿಂದ ಉತ್ತರ ಪಡೆಯುವ ಸಾಧನ ಅದು.

ಊಲೈಟ್‌ನ ಮೂಲ 1984ರ ‘ಎಲೀಟ್’. ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬಿಬ್ಬರು ಬಿಬಿಸಿ ಮೈಕ್ರೋ ಎಂಬ ಪುಟ್ಟ ಕಂಪ್ಯೂಟರಿಗಾಗಿ ಅದನ್ನು ಬರೆದರು. ತಲಾ 256 ಗ್ರಹಗಳ 8 ನಕ್ಷತ್ರಮಂಡಲಗಳನ್ನು, ಅಂದರೆ ಒಟ್ಟು 2048 ಗ್ರಹಗಳನ್ನು, ಇಂದಿನ ಒಂದು ಫೋಟೋಕ್ಕೂ ಸಾಲದಷ್ಟು ಮೆಮೊರಿಯಲ್ಲಿ ಅವರು ಹಿಡಿಸಿದ್ದರು. ಅದೇ ಜಗತ್ತನ್ನು ಜೈಲ್ಸ್ ವಿಲಿಯಮ್ಸ್ ಎಂಬವರು ಮೊದಲು ಮ್ಯಾಕ್‌ಗಾಗಿ ಹೊಸದಾಗಿ ಬರೆದದ್ದು ಊಲೈಟ್. ಈಗ ಅದು ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿಯೂ ಓಡುತ್ತದೆ, ಪೂರ್ತಿ ಉಚಿತ, ಒಳಗಿನ ಕೋಡ್ ಕೂಡ ಮುಕ್ತ. ಆಟ ಆರಂಭವಾಗುವಾಗ ನಿಮ್ಮ ಬಳಿ 100 ಕ್ರೆಡಿಟ್, 20 ಟನ್ ಸರಕು ಹಿಡಿಯುವ ಒಂದು ಕೋಬ್ರಾ ಮಾರ್ಕ್ 3 ಹಡಗು ಇರುತ್ತವೆ, ಮತ್ತು ನೀವು ಲಾವೆ ಎಂಬ ಗ್ರಹದ ನಿಲ್ದಾಣದಲ್ಲಿ ಇರುತ್ತೀರಿ. ಮೂಲ ಆಟದ ವಿವರಣೆಯ ಪ್ರಕಾರ ಲಾವೆ ಪ್ರಸಿದ್ಧವಾಗಿರುವುದು ಅದರ ವಿಶಾಲವಾದ ಮಳೆಕಾಡುಗಳಿಗೆ ಮತ್ತು ಅಲ್ಲಿಯ ಮರಹುಳಕ್ಕೆ. ಹೊರಗೆ ಜಡಿಮಳೆ, ತೋಟದಲ್ಲಿ ಬೇರುಹುಳದ ಕಾಟ ಇದ್ದ ನನಗೆ ಇದನ್ನು ಓದಿದ ಮೇಲೆ ಅಡಿಕೆಯನ್ನು ಬೇರೆ ಯಾವ ಗ್ರಹದಲ್ಲಿ ಬೆಳೆಸಬೇಕೆಂಬ ಚಿಂತೆ ಉಳಿಯಲಿಲ್ಲ.

ಈ ಆಟಕ್ಕೆ ಸೇರಿಸುವ ಭಾಗಗಳಿಗೆ ಓಎಕ್ಸ್‌ಪಿ ಎಂದು ಹೆಸರು. ಆಡ್‌ಆನ್ಸ್ ಎಂಬ ಫೋಲ್ಡರಿನೊಳಗೆ ಓಎಕ್ಸ್‌ಪಿ ಎಂದು ಕೊನೆಯಾಗುವ ಹೆಸರಿನ ಇನ್ನೊಂದು ಫೋಲ್ಡರ್ ಮಾಡಿ, ಅದರಲ್ಲಿ ಮಾತುಗಳಿಗೊಂದು, ಸ್ಕ್ರಿಪ್ಟಿಗೊಂದು, ಚಿತ್ರಗಳಿಗೊಂದು ಜಾಗ ಮಾಡಿಕೊಟ್ಟರೆ ಆಟ ತಾನಾಗಿಯೇ ಅದನ್ನು ಓದಿಕೊಳ್ಳುತ್ತದೆ. ಸ್ಕ್ರಿಪ್ಟ್, ಅಂದರೆ ಆಟಕ್ಕೆ ಕೊಡುವ ಆದೇಶಗಳನ್ನು, ಬರೆಯುವುದು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಒಂದು ಪಠ್ಯಪರದೆಗೆ ಬೇಕಾದದ್ದು ಒಂದೇ ಕರೆ, ಅದರ ಹೆಸರು ರನ್‌ಸ್ಕ್ರೀನ್. ಅದಕ್ಕೆ ತಲೆಬರಹ, ಮಾತು, ಆಯ್ಕೆಗಳ ಪಟ್ಟಿ, ಬೇಕಿದ್ದರೆ ಹಿನ್ನೆಲೆ ಚಿತ್ರ ಅಥವಾ ಎದುರಿಗೆ ತಿರುಗುವ ಹಡಗಿನ ಮಾದರಿ ಇವನ್ನು ಕೊಡಬೇಕು. ಜೊತೆಗೆ, ಆಟಗಾರ ಆಯ್ಕೆ ಮಾಡಿದ ಮೇಲೆ ನಡೆಯಬೇಕಾದ ಒಂದು ಫಂಕ್ಷನ್ ಕೊಡಬೇಕು. ಆಟಗಾರ ಆರಿಸಿದ ಸಾಲಿನ ಕೀ, ಅಂದರೆ ಆ ಸಾಲಿಗೆ ನಾವಿಟ್ಟ ಗುರುತಿನ ಹೆಸರು, ಆ ಫಂಕ್ಷನ್ನಿನ ಕೈಗೆ ಬರುತ್ತದೆ. ಅಲ್ಲಿಂದ ಇನ್ನೊಂದು ಪರದೆಯನ್ನು ತೆರೆಯಬಹುದು, ಆಟಗಾರನ ಹಣ ಹೆಚ್ಚುಕಡಿಮೆ ಮಾಡಬಹುದು, ಅಥವಾ ಸುಮ್ಮನೆ ಬಿಟ್ಟುಬಿಡಬಹುದು. ಮೊದಲ ಪರದೆ ತೆರೆಯುವಂತೆ ಮಾಡಲು ನನಗೆ ಒಂದು ಸಂಜೆ ಸಾಕಾಯಿತು, ಅದರಲ್ಲಿ ಅರ್ಧ ಸಂಜೆ ದೀಪವಿರಲಿಲ್ಲ.

ಸರಳವೆಂದು ಕಾಣುವ ಈ ವ್ಯವಸ್ಥೆಯಲ್ಲಿ ಎಡವುವ ಜಾಗಗಳು ಕೆಲವಿವೆ. ಆಯ್ಕೆಗಳನ್ನು ನೀವು ಬರೆದ ಕ್ರಮದಲ್ಲಿ ಆಟ ತೋರಿಸುವುದಿಲ್ಲ, ಅವುಗಳ ಕೀಗಳ ಅಕ್ಷರಕ್ರಮದಲ್ಲಿ ತೋರಿಸುತ್ತದೆ. ‘ಒಪ್ಪಿಗೆ’, ‘ಬೇಡ’, ‘ಇನ್ನೊಮ್ಮೆ ನೋಡು’ ಎಂಬ ಮೂರು ಸಾಲು ಬರೆದಿದ್ದ ನನಗೆ ಪರದೆಯ ಮೇಲೆ ‘ಬೇಡ’ ಎಂಬುದೇ ಮೊದಲು ಬಂದು, ಎಂಟರ್ ಒತ್ತುವ ಅವಸರದಲ್ಲಿ ಮೂರು ಸಲ ವ್ಯಾಪಾರ ತಪ್ಪಿತು. ಆಮೇಲೆ ಪ್ರತಿ ಕೀಗೂ ಮುಂದೆ 01, 02, 03 ಎಂದು ಸೇರಿಸಿದೆ; ಬಲ್ಲವರೆಲ್ಲ ಹಾಗೆಯೇ ಮಾಡುತ್ತಾರಂತೆ. ಆಯ್ಕೆಯ ಸಾಲಿಗೆ ಬಣ್ಣ ಕೊಡಬಹುದು, ಎಡಕ್ಕೆ ಸರಿಸಬಹುದು, ಆರಿಸಲಾಗದಂತೆ ಮಾಡಲೂಬಹುದು. ಈ ಕೊನೆಯ ಸೌಕರ್ಯ ನೋಡಲು ಚಿಕ್ಕದಾದರೂ ಬಹಳ ಉಪಯುಕ್ತವಾದದ್ದು. ಹಣ ಸಾಲದವನಿಗೆ ‘ಟೆಂಡರು ಬರೆ’ ಎಂಬ ಸಾಲನ್ನು ಮಾಯ ಮಾಡುವುದಕ್ಕಿಂತ, ಅದನ್ನು ಅಲ್ಲಿಯೇ ಮಂಕಾಗಿ ಉಳಿಸಿ ಕೈಗೆಟುಕದಂತೆ ಮಾಡಿದರೆ, ಏನು ತಪ್ಪಿಹೋಯಿತೆಂದು ಅವನಿಗೆ ತಿಳಿಯುತ್ತದೆ.

ಪರದೆ ಯಾವಾಗ ತೆರೆಯಬೇಕೆಂಬ ವಿಷಯದಲ್ಲಿ ಆಟದ ನಿಯಮಗಳು ಬಿಗಿಯಾಗಿವೆ, ಮತ್ತು ನನಗೆ ಅದೇ ಹಿಡಿಸಿತು. ಹಾರಾಟದ ನಡುವೆ ಪಠ್ಯಪರದೆ ತೆರೆಯಲಾಗದು, ಹಡಗು ನಿಲ್ದಾಣ ಸೇರಿರಬೇಕು. ಸೇರಿದ ಮೇಲೂ, ಬೇರೆ ಯಾವ ಸ್ಕ್ರಿಪ್ಟಿನ ಪರದೆಯೂ ತೆರೆದಿಲ್ಲವೆಂದಾಗ ಮಾತ್ರ ಆಟ ನಿಮಗೆ ಅವಕಾಶವಿದೆಯೆಂದು ತಿಳಿಸುತ್ತದೆ. ಇದರಿಂದ ಹತ್ತು ಜನರ ಹತ್ತು ಓಎಕ್ಸ್‌ಪಿಗಳನ್ನು ಹಾಕಿಕೊಂಡರೂ ಅವು ಒಂದರ ಮೈಮೇಲೊಂದು ಬೀಳದೆ ಸರದಿಯಲ್ಲಿ ಮಾತಾಡುತ್ತವೆ. ಆದರೆ ಕಿರುಆಟಕ್ಕೆ ಈ ಅವಕಾಶವನ್ನು ಬಳಸುವುದು ಸಭ್ಯತೆಯಲ್ಲವೆಂಬುದು ನನ್ನ ಅಭಿಪ್ರಾಯ. ಇಳಿದ ಕೂಡಲೇ ಬಾಗಿಲಲ್ಲಿ ಅಡ್ಡ ನಿಂತು ಆಟಕ್ಕೆ ಕರೆಯುವವರನ್ನು ಯಾರೂ ಮೆಚ್ಚುವುದಿಲ್ಲ. ಎಫ್4 ಒತ್ತಿದಾಗ ಬರುವ ನಿಲ್ದಾಣದ ಸೇವೆಗಳ ಪಟ್ಟಿಯಲ್ಲಿ ನಮ್ಮದೂ ಒಂದು ಸಾಲು ಸೇರಿಸಲು ಅವಕಾಶವಿದೆ. ಅಡಿಕೆ ಟೆಂಡರನ್ನು ನಾನು ಅಲ್ಲಿಟ್ಟೆ. ಬೇಕಾದವನು ಹುಡುಕಿ ಬರಲಿ; ಆಟ ಮುಗಿದಾಗ ಅದೇ ಪಟ್ಟಿಗೆ ಮರಳುವಂತೆ ಮಾಡಲೂ ಬರುತ್ತದೆ.

ಇನ್ನು ಟೆಂಡರಿನ ವಿಷಯ. ಶಿರಸಿಯ ಅಡಿಕೆ ವ್ಯಾಪಾರವನ್ನು ನೋಡದವರಿಗೆ ಹೇಳುವುದಾದರೆ, ಬೆಳೆಗಾರರ ಅಡಿಕೆಯನ್ನು ಅಂಗಳದಲ್ಲಿ ಲಾಟುಗಳಾಗಿ ಇಡುತ್ತಾರೆ, ವ್ಯಾಪಾರಿಗಳು ಬಂದು ಕೈಯಲ್ಲಿ ಹಿಡಿದು, ಒಡೆದು ನೋಡಿ, ತಮ್ಮ ದರವನ್ನು ಬೇರೆಯವರಿಗೆ ಕಾಣದಂತೆ ಬರೆದು ಕೊಡುತ್ತಾರೆ, ಮೇಲಿನ ದರ ಬರೆದವನಿಗೆ ಮಾಲು. ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದ ರಾಶಿ ಮತ್ತು ಬೆಟ್ಟೆ, ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಸುಲಿದ ಚಾಲಿ, ಇವುಗಳ ಕೆಳಗೆ ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಮಾಲಿನಲ್ಲಿ ದರ್ಜೆಗಳಿವೆ. ಇಡೀ ವ್ಯವಹಾರ ನಡೆಯುವುದು ವಿವರಣೆ ಮತ್ತು ಅಂಕಿಯ ಮೇಲೆ. ಆದ್ದರಿಂದಲೇ ಅದು ಪಠ್ಯಪರದೆಗೆ ಹೇಳಿ ಮಾಡಿಸಿದಂತಿದೆ. ಮೊದಲ ಪರದೆ ಲಾಟನ್ನು ವರ್ಣಿಸುತ್ತದೆ: ಒಡೆದಾಗ ಒಳಗಿನ ಬಣ್ಣ ಹೇಗಿದೆ, ಬೂಸಲು ತಾಗಿದೆಯೇ, ಗೋಟು ಬೆರೆತಿದೆಯೇ. ಎರಡನೆಯದು ಉಳಿದ ವ್ಯಾಪಾರಿಗಳ ಮುಖಭಾವವನ್ನು ಹೇಳುತ್ತದೆ. ಮೂರನೆಯದರಲ್ಲಿ ಆಟಗಾರ ತನ್ನ ದರ ಬರೆಯಬೇಕು.

ಒಂದೇ ವರ್ಣನೆ ಮತ್ತೆ ಮತ್ತೆ ಬಂದರೆ ಎರಡನೆಯ ದಿನಕ್ಕೆ ಆಟ ಹಳಸುತ್ತದೆ. ಇದಕ್ಕೆ ಊಲೈಟ್‌ನಲ್ಲಿ ಹಳೆಯದೂ ಚೆನ್ನಾದದ್ದೂ ಆದ ಒಂದು ಉಪಾಯವಿದೆ. ವಾಕ್ಯದೊಳಗೆ ಚೌಕ ಆವರಣದಲ್ಲಿ ಒಂದು ಹೆಸರು ಬರೆದು, ಬೇರೆ ಕಡತದಲ್ಲಿ ಆ ಹೆಸರಿನ ಕೆಳಗೆ ಹತ್ತು ಮಾತುಗಳನ್ನು ಇಟ್ಟರೆ, ಆಟ ಪ್ರತಿ ಸಲ ಒಂದನ್ನು ಆರಿಸಿ ವಾಕ್ಯಕ್ಕೆ ಸೇರಿಸುತ್ತದೆ. ಆ ಮಾತಿನೊಳಗೆ ಇನ್ನೊಂದು ಆವರಣವೂ ಇರಬಹುದು. ಲಾವೆಯ ಮಳೆಕಾಡೂ ಮರಹುಳವೂ ಹುಟ್ಟಿದ್ದು ಇಂಥ ಜೋಡಣೆಯಿಂದಲೇ. ಗ್ರಹದ ಹೆಸರನ್ನು ತಾನಾಗಿ ತುಂಬುವ ಸಂಕೇತವೂ ಉಂಟು, ಆದರೆ ಅದಕ್ಕೆ ಕನ್ನಡದ ವಿಭಕ್ತಿ ಅಂಟಿಸಲು ಹೋದವನು ಕೆಟ್ಟ. ‘ಲಾವೆಯಲ್ಲಿ’ ಎಂದು ಸರಿಹೋದ ಪ್ರತ್ಯಯ ವ್ಯಂಜನದಲ್ಲಿ ಮುಗಿಯುವ ಹೆಸರಿಗೆ ಸರಿಹೋಗುವುದಿಲ್ಲ, ಮತ್ತು ಸಂಕೇತಕ್ಕೆ ಸಂಧಿ ಗೊತ್ತಿಲ್ಲ. ಎರಡು ದಿನ ಇದಕ್ಕೆ ನಿಯಮ ಬರೆಯಲು ಹೆಣಗಿ, ಕೊನೆಗೆ ಎಲ್ಲ ಕಡೆಯೂ ಹೆಸರಿನ ಮುಂದೆ ‘ಗ್ರಹದಲ್ಲಿ’, ‘ಗ್ರಹದಿಂದ’ ಎಂದು ಹಾಕಿ ಕೈತೊಳೆದುಕೊಂಡೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಂದರೆ ಇದೆಯೆಂದೇ ಗೊತ್ತಾಗುವುದಿಲ್ಲ.

ದರ ಬರೆಯುವ ಪರದೆಗೆ ಆಯ್ಕೆಗಳ ಬದಲು ಟೈಪ್ ಮಾಡಲು ಜಾಗ ಕೊಡುವ ಸೌಲಭ್ಯವಿದೆ. ಇಲ್ಲಿ ಬರುವುದು ಅಂಕಿಯಲ್ಲ, ಅಕ್ಷರಗಳ ಸಾಲು. ಅದನ್ನು ಅಂಕಿಯಾಗಿಸುವ ಹೊಣೆ ನಮ್ಮದು. ನಾನು ಆ ಹೊಣೆಯನ್ನು ಅರೆಬರೆ ನಿಭಾಯಿಸಿದ್ದೆ. ರಜೆಗೆ ಬಂದಿದ್ದ ತಂಗಿಯ ಮಗ ಏನನ್ನೂ ಬರೆಯದೆ ಎಂಟರ್ ಒತ್ತಿದ. ಖಾಲಿ ಸಾಲನ್ನು ಪಾರ್ಸ್‌ಇಂಟ್ ಎಂಬ ಫಂಕ್ಷನ್ನಿನಿಂದ ಅಂಕಿ ಮಾಡಹೋದರೆ ಜಾವಾಸ್ಕ್ರಿಪ್ಟ್ ‘ಅಂಕಿಯಲ್ಲ’ ಎಂಬುದರ ಮೂರಕ್ಷರದ ಚುಟುಕನ್ನು (NaN) ಕೊಡುತ್ತದೆ, ಅದು ಹಾಗೆಯೇ ಪರದೆಯ ಮೇಲೆ ಬಂದಿತು. ಹುಡುಗ ಅದನ್ನು ಕೂಡಿಸಿ ಓದಿ, “ಮಾವ, ಟೆಂಡರು ‘ನಾನ್’ ಅಂತಿದೆ, ನಾನೇ ಗೆದ್ದೆ ಅಂತಲಾ?” ಎಂದು ಕೇಳಿದ. ಗೆದ್ದಿರಲೂ ಇಲ್ಲ, ಸೋತಿರಲೂ ಇಲ್ಲ, ಏಕೆಂದರೆ ಅದು ಯಾವುದೇ ಅಂಕಿಗಿಂತ ಹೆಚ್ಚೇ, ಕಡಿಮೆಯೇ ಎಂದು ಕೇಳಿದರೂ ಉತ್ತರ ‘ಸುಳ್ಳು’ ಎಂದೇ ಬರುತ್ತದೆ. ಹಾಗಾಗಿ ಅವನ ಲಾಟು ಯಾರಿಗೂ ಸಲ್ಲದೆ ಅಂಗಳದಲ್ಲಿಯೇ ಉಳಿಯಿತು.

ನೆನಪಿಡುವ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಆಟ ಉಳಿಸಿದಾಗ ಜೊತೆಯಲ್ಲಿ ಉಳಿಯುವ ಮಿಷನ್ ವೇರಿಯಬಲ್‌ಗಳಲ್ಲಿ ಅಂಕಿ ಅಥವಾ ಅಕ್ಷರಗಳ ಸಾಲನ್ನು ಮಾತ್ರ ಇಡಬಹುದು. ಹಿಂದಿನ ಹತ್ತು ಟೆಂಡರುಗಳ ಪಟ್ಟಿಯನ್ನು ಉಳಿಸಬೇಕಾದರೆ ಅದನ್ನು ಮೊದಲು ಜೇಸನ್ ಎಂಬ ಪಠ್ಯರೂಪದಲ್ಲಿ ಒಂದೇ ಸಾಲಿಗೆ ಕಟ್ಟಿ, ಮತ್ತೆ ತೆರೆದಾಗ ಬಿಚ್ಚಿಕೊಳ್ಳಬೇಕು.

ಈ ಸಾಧನದ ಅತಿ ದೊಡ್ಡ ಕೊರತೆ ಲಿಪಿಯದು. ಊಲೈಟ್ ತನ್ನ ಅಕ್ಷರಗಳನ್ನು ಒಂದು ಚಿತ್ರದಿಂದ ಕತ್ತರಿಸಿಕೊಳ್ಳುತ್ತದೆ: ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಮನೆಗಳು, ಮನೆಗೊಂದು ಅಕ್ಷರ. ಆ ಚಿತ್ರವನ್ನು ಬದಲಾಯಿಸಿ ಕನ್ನಡದ ಅಕ್ಷರಗಳನ್ನು ಕೂರಿಸಬಹುದೆಂದು ನಾನೂ ಮೊದಲಿಗೆ ಆಸೆಪಟ್ಟೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಇಟ್ಟಿರುವ ಸ್ಥಾನಗಳೇ 128, ಮೂಲಾಕ್ಷರಗಳು ಹಿಡಿಸುತ್ತವೆ. ಆದರೆ ಕನ್ನಡ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುವವಲ್ಲ. ‘ಚಾಲಿ’ಯನ್ನು ಮನೆಗಳಿಂದ ಆಯ್ದು ಹೇಗೋ ಜೋಡಿಸಿಯೇನು, ‘ಬೆಟ್ಟೆ’ಯಲ್ಲಿ ಟಕಾರದ ಕೆಳಗೆ ಒತ್ತು ಬರಬೇಕು, ತಲೆಯ ಮೇಲೆ ಎತ್ವ ಕೂರಬೇಕು, ಅಕ್ಷರದ ಕೆಳಗೆ ಅಕ್ಷರ ಇಡುವ ವಿದ್ಯೆ ಈ ಆಟಕ್ಕೆ ಇಲ್ಲ. ಗುಣಿತವೂ ಒತ್ತೂ ಸೇರಿ ಆಗುವ ರೂಪಗಳನ್ನೆಲ್ಲ ಮನೆಗೊಂದರಂತೆ ಕೂರಿಸಹೊರಟರೆ 256 ಮನೆ ಯಾವ ಮೂಲೆಗೂ ಸಾಲದು.

ಉಳಿದ ದಾರಿ ಚಿತ್ರ. ಬದಲಾಗದ ಮಾತುಗಳನ್ನು, ಅಂದರೆ ತಲೆಬರಹ, ಮಾಲಿನ ದರ್ಜೆ, ವ್ಯಾಪಾರಿಯ ಗೊಣಗಾಟ ಇವನ್ನು, ಕನ್ನಡದಲ್ಲಿ ಟೈಪ್ ಮಾಡಿ ಚಿತ್ರವಾಗಿ ಉಳಿಸಿ ಹಿನ್ನೆಲೆಯಲ್ಲಿ ಇಟ್ಟೆ. ಬದಲಾಗುವ ಅಂಕಿಗಳು ಮಾತ್ರ ಆಟದ ಅಕ್ಷರಗಳಲ್ಲಿ ಅದರ ಮೇಲೆ ಬರುತ್ತವೆ. ನೋಡಲು ಅಚ್ಚಾದ ಫಾರಂನಲ್ಲಿ ಪೆನ್ನಿನಿಂದ ದರ ತುಂಬಿದಂತೆ ಕಾಣುತ್ತದೆ, ಟೆಂಡರಿಗೆ ಅದು ಒಪ್ಪುವಂಥದ್ದೇ. ಆದರೆ ಮೇಲೆ ಹೊಗಳಿದ ಚೌಕ ಆವರಣದ ಉಪಾಯ ಚಿತ್ರದೊಳಗೆ ನಡೆಯುವುದಿಲ್ಲ. ಹತ್ತು ಬಗೆಯ ಗೊಣಗಾಟಕ್ಕೆ ಹತ್ತು ಚಿತ್ರ ಬೇಕು, ಒಂದು ಕಾಗುಣಿತದ ತಪ್ಪು ತಿದ್ದಲು ಚಿತ್ರವನ್ನೇ ಹೊಸದಾಗಿ ಮಾಡಬೇಕು. ಲಾಟಿನ ವರ್ಣನೆಯನ್ನು ಕೊನೆಗೂ ರೋಮನ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿಯೇ ಬಿಟ್ಟಿದ್ದೇನೆ. ವಾಟ್ಸಪ್ಪಿನಲ್ಲಿ ಹಾಗೆ ಓದಿ ಓದಿ ರೂಢಿಯಾದವರಿಗೆ ತೊಂದರೆಯಿಲ್ಲ, ನನ್ನ ಕಣ್ಣಿಗೆ ಮಾತ್ರ ಅದು ಇಂದಿಗೂ ಒಗ್ಗಿಲ್ಲ.

ಚೆನ್ನೆಮಣೆಯ ಕಥೆ ಬೇರೆ. ಎರಡು ಸಾಲು, ಸಾಲಿಗೆ ಏಳು ಗುಳಿ, ನಮ್ಮ ಮನೆಯ ಪದ್ಧತಿಯಂತೆ ಗುಳಿಗೆ ನಾಲ್ಕು ಹುಣಸೆಬೀಜ. ಏಳು ಗುಳಿಗೆ ಏಳು ಆಯ್ಕೆ ಸಾಕು, ಇದಕ್ಕಿಂತ ಸುಲಭವಾದ ಕಿರುಆಟ ಇರಲಾರದೆಂದು ಭಾವಿಸಿ ಕೈಹಾಕಿದೆ. ಮೊದಲು ಸಿಕ್ಕ ತೊಡಕು ಅಂಕಣಗಳದು. ಆಟದ ಅಕ್ಷರಗಳಿಗೆ ಒಂದೇ ಅಗಲವಿಲ್ಲ. ಖಾಲಿ ಜಾಗ ಎಣಿಸಿ ಜೋಡಿಸಿದ ಎರಡು ಸಾಲುಗಳು ಬೀಜಗಳ ಲೆಕ್ಕ ಬದಲಾದಂತೆಲ್ಲ ಓರೆಯಾದವು. ಒಂದು ಮಾತು ಪರದೆಯ ಮೇಲೆ ಎಷ್ಟು ಅಗಲವಾಗುತ್ತದೆಂದು ಅಳೆದು ಹೇಳುವ ಫಂಕ್ಷನ್ ಆಟದಲ್ಲಿದೆ, ಪರದೆಯ ಒಟ್ಟು ಅಗಲ 32 ಎಮ್ (ಅಕ್ಷರದ ಗಾತ್ರಕ್ಕೆ ತಕ್ಕ ಅಳತೆ). ಕೂದಲೆಳೆಯಷ್ಟು ತೆಳುವಾದ ಒಂದು ಖಾಲಿ ಅಕ್ಷರವೂ ಇದೆ. ಪ್ರತಿ ಅಂಕಿಯನ್ನು ಅಳೆದು, ಬೇಕಾದಷ್ಟು ಕೂದಲೆಳೆಗಳನ್ನು ತುಂಬುತ್ತ ಹೋದರೆ ಅಂಕಣ ನೆಟ್ಟಗೆ ನಿಲ್ಲುತ್ತದೆ. ಒಮ್ಮೆ ಇದನ್ನು ಬರೆದಿಟ್ಟುಕೊಂಡರೆ ಎಲ್ಲ ಪರದೆಗಳಿಗೂ ಆದೀತು, ಆದರೆ ಅದನ್ನು ಕಂಡುಕೊಳ್ಳುವವರೆಗಿನ ಎರಡು ರಾತ್ರಿ ಯಾರೂ ಮರಳಿ ಕೊಡುವುದಿಲ್ಲ.

ಎರಡನೆಯ ತೊಡಕು ನನ್ನದೇ ತಪ್ಪಿನಿಂದ ಆದದ್ದು. ಗುಳಿಯಿಂದ ಬೀಜ ಎತ್ತಿದ ಮೇಲೆ ಆ ಗುಳಿಯನ್ನು ಖಾಲಿ ಮಾಡುವ ಸಾಲನ್ನು ಬರೆಯಲು ಮರೆತಿದ್ದೆ, ಹಾಗಾಗಿ ಬೀಜ ಬಿತ್ತುವ ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಆದೇಶಗಳ ಸುತ್ತು, ಮುಗಿಯಲೇ ಇಲ್ಲ. ಇಲ್ಲಿ ಆಟದ ನಡತೆಯನ್ನು ಮೆಚ್ಚಬೇಕು. ಕಂಪ್ಯೂಟರನ್ನು ಹೆಪ್ಪುಗಟ್ಟಿಸದೆ, ಸ್ಕ್ರಿಪ್ಟ್ ಹೆಚ್ಚು ಹೊತ್ತು ಓಡುತ್ತಿದೆಯೆಂದು ಅದನ್ನು ತಾನೇ ನಿಲ್ಲಿಸಿ, ಲಾಗ್ ಕಡತದಲ್ಲಿ ಬರೆದಿಟ್ಟು, ಮುಂದೆ ನಡೆಯಿತು. ಲೇಟೆಸ್ಟ್ ಎಂಬ ಹೆಸರಿನ ಆ ಲಾಗ್ ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ನಂಬಿಕೆಯ ಸಹಾಯಕನಾಗಿತ್ತು. ತಪ್ಪಾದ ಸಾಲಿನ ಸಂಖ್ಯೆಯನ್ನೂ ಅದು ಹೇಳುತ್ತದೆ. ಇನ್ನೊಂದು ಮಾತನ್ನು ಹೊಸಬರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ: ಕಡತ ತಿದ್ದಿದ ಮೇಲೆ ಆಟ ತೆರೆಯುವಾಗ ಶಿಫ್ಟ್ ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಹಿಂದೆ ಕೂಡಿಟ್ಟ ಹಳೆಯ ಮಾತುಗಳನ್ನೇ ತೋರಿಸಬಹುದು. ಇದನ್ನು ಮರೆತು, ಸರಿಯಾಗಿಯೇ ಇದ್ದ ಸ್ಕ್ರಿಪ್ಟನ್ನು ಒಂದಿಡೀ ಮಧ್ಯಾಹ್ನ ತಿದ್ದಿ ತಿದ್ದಿ ಕೆಡಿಸಿದ್ದೇನೆ.

ಅಂಕಣಗಳು ನೆಟ್ಟಗಾಗಿ, ಲೂಪ್ ಸರಿಯಾಗಿ, ಚೆನ್ನೆಮಣೆ ಕೊನೆಗೂ ನಡೆಯತೊಡಗಿತು. ಆಯಿಗೆ ತೋರಿಸಿದೆ. ಅವಳು ಆರನೆಯ ಗುಳಿಯನ್ನು ಆರಿಸಿದಳು. ಹೊಸ ಪರದೆ ಬಂತು, ಹದಿನಾಲ್ಕು ಅಂಕಿಗಳಲ್ಲಿ ಒಂಬತ್ತು ಬದಲಾಗಿದ್ದವು. ಸ್ವಲ್ಪ ಹೊತ್ತು ಅದನ್ನು ನೋಡಿ, “ಬರೀ ಲೆಕ್ಕ ಇದ್ದು, ಆಟ ಎಲ್ಲಿದ್ದಾ ತಮಾ?” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಚೆನ್ನೆಮಣೆಯ ಸುಖವಿರುವುದು ಬೀಜಗಳು ಬೆರಳಿನಿಂದ ಒಂದೊಂದಾಗಿ ಜಾರುವುದರಲ್ಲಿ, ಕೊನೆಯ ಬೀಜ ಎಲ್ಲಿ ಬಿದ್ದೀತೆಂದು ಎದುರಿನವರ ಕಣ್ಣು ಕೈಯ ಹಿಂದೆಯೇ ಓಡುವುದರಲ್ಲಿ. ನನ್ನ ಪರದೆ ಬಿತ್ತನೆಯನ್ನು ನುಂಗಿ ಫಲಿತಾಂಶವನ್ನಷ್ಟೇ ಹೇಳುತ್ತಿತ್ತು. ಬೀಜಕ್ಕೊಂದು ಪರದೆ ಮಾಡಿ ನೋಡಿದೆ. ಪ್ರತಿ ಬೀಜಕ್ಕೂ ಸ್ಪೇಸ್ ಒತ್ತಬೇಕಾಗಿ ಬಂದು ಅದು ಇನ್ನೂ ಬೇಸರದ ಕೆಲಸವಾಯಿತು. ನನ್ನ ಓಎಕ್ಸ್‌ಪಿಯಿಂದ ಚೆನ್ನೆಮಣೆಯನ್ನು ತೆಗೆದುಹಾಕಿದ್ದೇನೆ. ಕಣ್ಣೂ ಕೈಯೂ ಸೇರಿ ಆಡುವ ಆಟವನ್ನು ಊಲೈಟ್‌ನ ಪಠ್ಯಪರದೆಗೆ ಹೊಂದಿಸಲು ಹೋಗಬೇಡಿ. ಓದಿ, ಅಂದಾಜು ಮಾಡಿ, ಒಂದು ತೀರ್ಮಾನಕ್ಕೆ ಬರುವ ಆಟ ನಿಮ್ಮಲ್ಲಿದ್ದರೆ ಇದಕ್ಕಿಂತ ಅನುಕೂಲದ ಸಾಧನ ಉಚಿತವಾಗಿ ಸಿಗುವುದು ಕಷ್ಟ.

ಹೋಲಿಕೆಗೆ ‘ಎಂಡ್‌ಲೆಸ್ ಸ್ಕೈ’ ಎಂಬ ಇನ್ನೊಂದು ಉಚಿತ ಬಾಹ್ಯಾಕಾಶ ಆಟವನ್ನೂ ನೋಡಿದೆ. ಅಲ್ಲಿ ಸಂಭಾಷಣೆಗಳನ್ನು ಸ್ಕ್ರಿಪ್ಟ್ ಇಲ್ಲದೆ, ಸಾಲುಗಳನ್ನು ಟ್ಯಾಬ್‌ನಿಂದ ಒಳಗೆ ಸರಿಸಿ ಬರೆದ ಸಾದಾ ಪಠ್ಯದಲ್ಲಿಯೇ ಕಟ್ಟುತ್ತಾರೆ. ಕಥೆ ಬರೆಯುವವರಿಗೆ ಅದೇ ಹಗುರ. ನಾಲ್ಕು ವ್ಯಾಪಾರಿಗಳ ದರವನ್ನು ಲಾಟಿನ ಗುಣ ನೋಡಿ ಲೆಕ್ಕ ಹಾಕಬೇಕೆಂದಾಗ ಮಾತ್ರ ನನಗೆ ಜಾವಾಸ್ಕ್ರಿಪ್ಟ್ ಬೇಕೇ ಬೇಕಾಯಿತು.

ಟೆಂಡರನ್ನು ಪರೀಕ್ಷೆಗಾಗಿ ದೊಡ್ಡಪ್ಪನಿಗೂ ಕೊಟ್ಟೆ. ನಲವತ್ತು ವರ್ಷ ಅಡಿಕೆ ಮಾರಿದವರು. ಬಾಹ್ಯಾಕಾಶ, ಹಡಗು, ಲಾವೆ ಯಾವುದನ್ನೂ ಕೇಳದೆ ನೇರವಾಗಿ ಮೊದಲ ಲಾಟಿನ ವರ್ಣನೆ ಓದಿ, “ಬೂಸಲು ಅಂತ ಬರದ್ಯಲೋ, ಇದಕ್ಕೆ ಇಷ್ಟು ದರ ಯಾರು ಬರೀತ್ವೋ?” ಎಂದು ನನ್ನ ವ್ಯಾಪಾರಿಗಳ ಲೆಕ್ಕಾಚಾರವನ್ನೇ ತಿದ್ದಿಸಿದರು. ಐದಾರು ಲಾಟು ಗೆದ್ದ ಮೇಲೆ ಕನ್ನಡಕ ತೆಗೆದಿಟ್ಟು ಇನ್ನೊಂದು ಪ್ರಶ್ನೆ ಕೇಳಿದರು: ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಚೀಲ ಕಟ್ಟಿಕೊಂಡು ಹೋಗುತ್ತಾನಲ್ಲ, ಅದು ಇದರಲ್ಲಿ ಎಲ್ಲಿದೆ? ಎಲ್ಲಿಯೂ ಇರಲಿಲ್ಲ. ಮೇಲಿನ ದರ ಬರೆದವನಿಗೆ ಮಾಲು ಎಂದಷ್ಟೇ ನಾನು ಬರೆದಿದ್ದೆ, ಮಾರುವವನು ಒಪ್ಪಬೇಕೆಂಬುದನ್ನು ಬಿಟ್ಟುಬಿಟ್ಟಿದ್ದೆ. ಗೆಲ್ಲಲು ಬೇಕಾದದ್ದು ಎದುರಿನ ವ್ಯಾಪಾರಿಗಿಂತ ಒಂದು ಕ್ರೆಡಿಟ್ ಹೆಚ್ಚು ಎಂದು ಎರಡೇ ದಿನದಲ್ಲಿ ಯಾರಾದರೂ ಕಂಡುಕೊಳ್ಳಬಹುದಾದ ಆಟ ಅದಾಗಿತ್ತು.

ಈಗ ನಾಲ್ಕನೆಯ ಪರದೆಯೊಂದಿದೆ. ಪ್ರತಿ ಬೆಳೆಗಾರನಿಗೂ ಮನಸ್ಸಿನಲ್ಲಿ ಒಂದು ದರ ಇರುತ್ತದೆ, ಕಳೆದ ಸಲ ಅದೇ ನಿಲ್ದಾಣದಲ್ಲಿ ಏನು ಸಿಕ್ಕಿತೆಂಬುದು ಅವನಿಗೆ ನೆನಪಿರುತ್ತದೆ, ಅದಕ್ಕಿಂತ ಬಹಳ ಕೆಳಗೆ ಬರೆದರೆ ಮೇಲಿನ ದರ ನಿಮ್ಮದೇ ಆದರೂ ಅವನು ಮಾಲು ಹಿಂದೆ ಒಯ್ಯುತ್ತಾನೆ. ಆಗ ಆಟಗಾರನಿಗೆ ಮೂರು ಸಾಲು ತೋರುತ್ತವೆ: 01 ದರ ಏರಿಸು, 02 ನಾಳೆ ಬಾ ಎನ್ನು, 03 ಹೋಗಲಿ ಬಿಡು. ಹಿಂದಿನ ಸಲ ಮೋಸದ ದರ ಕೊಟ್ಟವನಿಗೆ ಎರಡನೆಯ ಸಾಲು ಮಂಕಾಗಿ, ಆರಿಸಲಾಗದಂತೆ ಕಾಣುತ್ತದೆ. ನಿನ್ನೆ ಸಂಜೆ ಮಳೆ ಹೊಳವಾಗಿದ್ದಾಗ ದೊಡ್ಡಪ್ಪ ಮತ್ತೆ ಬಂದು ಆಡಿದರು. ಲಾವೆಯ ಬೆಳೆಗಾರನೊಬ್ಬ ಅವರ ದರಕ್ಕೆ ಒಪ್ಪದೆ ಹನ್ನೆರಡು ಟನ್ ಚಾಲಿಯನ್ನು ವಾಪಸ್ ಒಯ್ದಾಗ ಅವರಿಗೆ ಆದ ಸಂತೋಷ ಗೆದ್ದ ಲಾಟುಗಳಿಂದ ಆಗಿರಲಿಲ್ಲ.